ನನ್ನ ರೀಫಂಡು, ನನ್ನ ಸ್ಕೂಟರು

ನಮ್ಮ ಕಾಲೇಜಿನ ಗುಮಾಸ್ತ ಶಿವಣ್ಣನವರ ಕಣ್ಣಿಗೆ ನಾನು ಶುದ್ಧ ಪೆದ್ದಿ. ಜನವರಿ ಬಂತೆಂದರೆ, "ಮೇಡಂ, ಮನೆ ಸಾಲದ ಪೇಪರ್ ಕೊಟ್ಬಿಡಿ. ಇಲ್ಲಾಂದ್ರೆ ಸಂಬಳದಲ್ಲಿ ಸುಮ್‌ಸುಮ್ನೆ ಟ್ಯಾಕ್ಸ್ ಜಾಸ್ತಿ ಹಿಡ್ಕೋಬೇಕಾಗ್ತದೆ" ಅಂತ ಬೆನ್ನು ಹತ್ತುತ್ತಾರೆ. ಹಿಡ್ಕೊಳ್ಳಿ ಶಿವಣ್ಣ, ಅನ್ನುತ್ತೇನೆ. ಅರ್ಥಶಾಸ್ತ್ರ ಪಾಠ ಮಾಡುವ ಹೆಂಗಸಿಗೆ ಇಷ್ಟೂ ತಿಳಿಯದೇ ಎಂದು ಅವರು ಹಣೆ ಚಚ್ಚಿಕೊಳ್ಳುತ್ತಾರೆ. ತಿಳಿಯುತ್ತದೆ. ತಿಳಿದೇ ಕೊಡುವುದಿಲ್ಲ.

ಕಾರಣ ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ನನ್ನ ಕೈಗೆ ಬರುವ ಸಂಬಳ ಎಷ್ಟೆಂದು ಉಪ್ಪಾರಹಳ್ಳಿಯ ನಮ್ಮ ಮನೆಯಿಂದ ಕುಣಿಗಲ್‌ನ ಭಾವನ ಮನೆಯವರೆಗೆ ಎಲ್ಲರಿಗೂ ಬಾಯಿಪಾಠ. ಭಾವ ಅಂದರೆ ನಮ್ಮ ಯಜಮಾನರ ಅಣ್ಣ. ಸಾಲದ ಕಂತು, ಮಗಳ ಫೀಸು ಕಳೆದು ಏನಾದರೂ ಉಳಿಯಿತೋ, ಅವರ ತೋಟದ ಮೋಟಾರು ಸುಟ್ಟುಹೋಗುತ್ತದೆ. ಆ ಮೋಟಾರು ಸುಟ್ಟಷ್ಟು ಸಲ ನಮ್ಮ ಒಲೆ ಮೇಲೆ ಹಾಲು ಕೂಡ ಸೀದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆಯಲ್ಲಿ ಕೋಡಂಗಿಯ ಪಾತ್ರ ಯಾವಾಗಲೂ ನನ್ನದೇ. ಆದರೆ ಸರ್ಕಾರದ ಹತ್ತಿರ ಇರುವ ದುಡ್ಡನ್ನು ಯಾವ ಈರಭದ್ರನೂ ಸಾಲ ಕೇಳುವಂತಿಲ್ಲ.

ಹಾಗಂತ ಆ ದುಡ್ಡನ್ನು ನಾನು ಬಿಟ್ಟುಕೊಡುವವಳಲ್ಲ. ಜೂನ್‌ನಲ್ಲಿ ಎಷ್ಟು ಟ್ಯಾಕ್ಸ್ ಹಿಡಿದಿದ್ದಾರೆಂಬ ಆಫೀಸಿನ ಫಾರಂ ಕೈಗೆ ಬಂದ ಸಂಜೆಯೇ ರಿಟರ್ನ್ ಹಾಕಿ ಮನೆ ಸಾಲದ ಬಡ್ಡಿ ತೋರಿಸಿ ಎದ್ದುಬಿಡುತ್ತೇನೆ. ಜುಲೈ ಕೊನೆಗೆ ಸ್ಟಾಫ್ ರೂಮಿನವರೆಲ್ಲ ಚಕ್ರ ತಿರುಗುತ್ತಲೇ ಇರುವ ಕಂಪ್ಯೂಟರ್ ಪರದೆಗೆ ಶಾಪ ಹಾಕುವಾಗ ನಾನು ನೆಮ್ಮದಿಯಾಗಿ ಕಾಫಿ ಕುಡಿಯುತ್ತಿರುತ್ತೇನೆ. ಗಡುವು ದಾಟಿದರೆ ಆ ಬಡ್ಡಿಯ ವಿನಾಯಿತಿಯೂ ಹೋಯಿತು, ದಂಡ ಬೇರೆ. ಹೊತ್ತಿಗೆ ಸರಿಯಾಗಿ ಹಾಕಿದರೆ ಹೆಚ್ಚಿಗೆ ಹಿಡಿದದ್ದು ವಾಪಸ್ ಬರುತ್ತದೆ, ಒಮ್ಮೊಮ್ಮೆ ಅದರ ಮೇಲೆ ಚೂರು ಬಡ್ಡಿಯೂ. ಹಿಂದಿನ ರಾಜರು ಬೆಳೆಯಲ್ಲಿ ಆರನೇ ಒಂದು ಪಾಲು ತೆಗೆದುಕೊಳ್ಳುತ್ತಿದ್ದರಂತೆ. ಜಾಸ್ತಿ ಆಯಿತು ಅಂತ ಒಂದು ಸೇರು ರಾಗಿಯನ್ನಾದರೂ ವಾಪಸ್ ಕಳಿಸಿದ ರಾಜನ ಬಗ್ಗೆ ನಾನಂತೂ ಓದಿಲ್ಲ.

ಈ ಸಲದ ರೀಫಂಡಿನ ಮೇಲೆ ನನಗೊಂದು ಆಸೆಯಿತ್ತು. ಸೆಕೆಂಡ್ ಹ್ಯಾಂಡ್ ಸ್ಕೂಟರು. ಗುಬ್ಬಿಯ ಕಾಲೇಜಿಗೆ ಬಸ್ಸು ಹಿಡಿಯಲು ದಿನಾ ಯಜಮಾನರ ಬೈಕಿನ ಹಿಂದೆ ಕೂತು ಬಸ್‌ಸ್ಟ್ಯಾಂಡಿಗೆ ಹೋಗಬೇಕು. ಅವರ ಸ್ನಾನ, ಅವರ ಪೇಪರು, ಅವರ ಎರಡನೇ ಕಾಫಿ ಮುಗಿಯುವ ತನಕ ನಾನು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿರಬೇಕು. ಗಾಡಿ ವಿಷಯ ಎತ್ತಿದಾಗಲೆಲ್ಲ "ನಿಂಗ್ಯಾಕೆ? ನಾನೇ ಬಿಡ್ತೀನಲ್ಲ" ಅಂದಿದ್ದಾರೆ.

ನನ್ನ ಖಾತೆಯ ಬ್ಯಾಂಕ್ ಮೆಸೇಜು ಬರುವುದೂ ಅವರ ಫೋನಿಗೇ. ಪ್ರತಿ ಸಲ ನೋಡದೇ ಬಿಡುತ್ತಿದ್ದವರು ಈ ಸಲ, ಭಾವ ಊಟಕ್ಕೆ ಬಂದಿದ್ದ ಭಾನುವಾರವೇ, ರೀಫಂಡು ಬಂದದ್ದನ್ನು ಜೋರಾಗಿ ಓದಿಬಿಟ್ಟರು. ಭಾವನ ಕೈ ಮುದ್ದೆಯಲ್ಲೇ ನಿಂತಿತು.

"ಬಿಟ್ಟಿ ದುಡ್ಡು ಬಂದೈತೆ ಅನ್ನು. ಮೋಟಾರ್‌ಗಾಯ್ತು ಬುಡು."

ನಾನು ಸಾರಿನ ಸೌಟು ಕೈಗೆತ್ತಿಕೊಂಡೆ. "ಬಿಟ್ಟಿ ದುಡ್ಡಲ್ಲ ಭಾವ. ವರ್ಷಪೂರ್ತಿ ಗುಬ್ಬಿ ಬಸ್ಸಲ್ಲಿ ನಿಂತ್ಕೊಂಡು ಹೋಗಿ ದುಡಿದಿರೋದು. ಅದ್ರಲ್ಲಿ ನಾನು ಸ್ಕೂಟರ್ ತಗೋತಿದೀನಿ. ಸಾರು ಬಡಿಸ್ಲಾ?"

ಸಾರು ಬಡಿಸಿದೆ. ಭಾವ ಹೊರಟ ಮೇಲೆ ಯಜಮಾನರು ಅಡುಗೆಮನೆಗೆ ಬಂದು ನಿಂತರು.

"ನನ್ನ ಕೇಳಿದ್ರೆ ನಾನೇ ಕೊಡಿಸ್ತಿರ್ಲಿಲ್ವಾ?"

"ಕೊಡಿಸ್ತಿದ್ರಿ. ಆದ್ರೆ ಕೇಳ್ಬೇಕಿತ್ತಲ್ಲ."

ಅವರು ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದರು. ಕೆಟ್ಟವರೇನಲ್ಲ, ಪಾಪ. ಆದರೂ ಇಷ್ಟು ವರ್ಷದ ಸಂಸಾರದಲ್ಲಿ ನನ್ನ ದುಡ್ಡನ್ನು "ನಿಂಗ್ಯಾಕೆ" ಅಂತ ಕೇಳದೆ ನನ್ನ ಕೈಗೆ ಕೊಟ್ಟಿರುವುದು ಆದಾಯ ತೆರಿಗೆ ಇಲಾಖೆ ಒಂದೇ.