ನಾನು ಕೊಟ್ಟ ಕಿಡ್ನಿ, ಅವರು ಬಿಟ್ಟ ಮಾತ್ರೆ

ನನ್ನ ಗಂಡನಿಗೆ ನಾನು ಕಿಡ್ನಿ ಕೊಟ್ಟು ಎರಡು ವರ್ಷವಾಗಿತ್ತು. ಜಮಖಂಡಿಯ ಹೈಸ್ಕೂಲಿನಲ್ಲಿ ಅವರು ಮತ್ತೆ ಪಾಠ ಶುರು ಮಾಡಿದ್ದರು. ಅಷ್ಟರಲ್ಲಿ ಸಂಜೆಯಾದರೆ ಜ್ವರ ಬರತೊಡಗಿತು, ತೂಕ ಇಳಿಯಿತು. ಬೆಳಗಾವಿಯ ಡಾಕ್ಟರು ಟಿ.ಬಿ. ಎಂದರು. ಹೊಸ ಕಿಡ್ನಿಯನ್ನು ದೇಹ ಒಲ್ಲೆ ಎನ್ನದಿರಲೆಂದು ಕೊಡುವ ಮಾತ್ರೆ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದಂತೆ. ಟಿ.ಬಿ. ಮಾತ್ರೆ ಆ ಕಿಡ್ನಿ ಮಾತ್ರೆಯ ಬಲವನ್ನೇ ತಗ್ಗಿಸುತ್ತದೆಂದು ಕಿಡ್ನಿ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಎರಡರಲ್ಲಿ ಯಾವುದನ್ನೂ ತಾವಾಗಿ ಬಿಡಬೇಡಿ ಎಂದು ಒತ್ತಿ ಹೇಳಿ ಕಳಿಸಿದರು.

ಹದಿನೈದು ದಿನ ಕಳೆದಿರಲಿಲ್ಲ. ಬಟ್ಟೆ ಒಗೆಯುವಾಗ ಅವರ ಬಿಳಿ ಅಂಗಿಯ ಜೇಬು ಕೆಂಪು ಬಿಟ್ಟಿತು. ಒಳಗೆ ಟಿ.ಬಿ. ಮಾತ್ರೆಗಳು ಕರಗುತ್ತಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ನೀರು ಸೋರುವ ಅಂಗಿಯನ್ನು ಹಾಗೇ ಹಿಡಿದುಕೊಂಡು ಅವರು ಕೂತಿದ್ದ ಪಡಸಾಲೆಗೆ ಹೋದೆ.

ಮೊದಲು ಏನೂ ಇಲ್ಲ ಎಂದರು. ಆಮೇಲೆ ಬಾಯಿ ಬಿಟ್ಟರು. ಮೂತ್ರ ಕೆಂಪಗೆ ಬರುತ್ತಿತ್ತಂತೆ, ಕಿಡ್ನಿಯಿಂದ ರಕ್ತ ಹೋಗುತ್ತಿದೆ ಎಂದುಕೊಂಡು ಮೂರು ದಿನದಿಂದ ನುಂಗುವ ನಾಟಕ ಮಾಡಿದ್ದರಂತೆ. ಆ ಮಾತ್ರೆಯಿಂದ ಮೂತ್ರದ ಬಣ್ಣ ಬದಲಾಗುತ್ತದೆಂದು ಡಾಕ್ಟರು ಹೇಳುವಾಗ ಈ ಮಹಾಶಯರು ರಿಪೋರ್ಟಿನಲ್ಲಿ ಮುಳುಗಿದ್ದರು.

"ನಿನ್ನ ಎರಡರಾಗ ಒಂದು ಇಸ್ಕೊಂಡೇನಿ," ಎಂದರು. "ಅದನೂ ಕೆಡಿಸಿದ್ರ ನಿನಗ ಹೆಂಗ ಮಾರಿ ತೋರಸ್ಲಿ?"

ಎರಡು ವರ್ಷದಿಂದ ಈ ಮನುಷ್ಯ ನನ್ನ ಕಿಡ್ನಿಯನ್ನು ಪರರ ಒಡವೆಯಂತೆ ಕಾಯುತ್ತಿದ್ದಾರೆಂದು ನನಗೆ ತಿಳಿದದ್ದು ಆಗಲೇ. ಆದರೆ ಅಳುತ್ತ ಕೂಡಲು ನನಗೆ ಪುರಸೊತ್ತಿರಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿದೆ. ಅಪಾಯ ಬಣ್ಣದಲ್ಲಿಲ್ಲ, ಮಾತ್ರೆ ಬಿಟ್ಟದ್ದರಲ್ಲಿದೆ ಎಂದರು. ಟಿ.ಬಿ. ಮಾತ್ರೆ ನಿಂತರೆ, ಹೆಚ್ಚಿಸಿದ ಕಿಡ್ನಿ ಮಾತ್ರೆ ರಕ್ತದಲ್ಲಿ ವಿಪರೀತ ಏರಿ ಅದೇ ಕಿಡ್ನಿಗೆ ಪೆಟ್ಟು ಕೊಡಬಹುದು, ಕೂಡಲೇ ಬನ್ನಿ ಎಂದರು.

"ಕೊಟ್ಟ ದಿನಾನ ಅದು ನಿಮ್ದಾತು," ಎಂದೆ. "ಬರೇ ಕಿಡ್ನಿ ಉಳಿಸ್ಕೊಂಡು ನಾ ಏನ್ ಮಾಡ್ಲಿ? ನೀವು ಉಳೀಬೇಕು. ಏಳ್ರಿ."

ಮುಧೋಳದ ಮೇಲೆ ಬೆಳಗಾವಿಗೆ ಹೋಗುವ ಬಸ್ಸು ಹಿಡಿದೆವು. ರಕ್ತದ ರಿಪೋರ್ಟು ಸ್ವಲ್ಪ ಏರುಪೇರಾಗಿತ್ತು, ಕೈಮೀರಿರಲಿಲ್ಲ. ಟಿ.ಬಿ. ಮಾತ್ರೆಯನ್ನು ಮತ್ತೆ ಶುರು ಮಾಡಿಸಿ, ಇನ್ನೂ ಹಲವು ತಿಂಗಳು ತಪ್ಪದೆ ನುಂಗಬೇಕು, ಹೆಂಡತಿಯ ಕಿಡ್ನಿ ಜೋಪಾನ ಎಂದು ಡಾಕ್ಟರು ಗದರಿದರು.

ನಮ್ಮವರು ಅಲ್ಲೇ ಲೋಟ ಕೇಳಿ ಪಡೆದು, ಮಾತ್ರೆ ನುಂಗಿ, ನೀರು ಕುಡಿದರು.

"ಆಕಿ ಕೊಟ್ಟಿದ್ದು ಖರೆ ರೀ," ಎಂದರು. "ಈಗ ಅದು ನಂದು."