ಕೂಸು ಅತ್ತಿತ್ತೇ ಎಂದು ಕೇಳಲು ಗಂಗಾವತಿಗೆ

ಯುದ್ಧದ ಕಾಲ ಅದು. ಒಂದು ಸೋಮವಾರ ನಸುಕಿನಲ್ಲಿ ನಾವು ಮೂವರು ಕುಷ್ಟಗಿ ಬಿಟ್ಟೆವು: ನಾನು, ನನ್ನ ಹೆಂಡತಿ ಶಾಂತವ್ವ, ಹದಿನಾಲ್ಕು ತಿಂಗಳ ಮಗ ಶೇಖರ. ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ಕೂಸನ್ನು ವೈದ್ಯರಿಗೆ ತೋರಿಸಲೆಂದು ಐದು ದಿನ ರಜೆ ಪಡೆದಿದ್ದೆ. ಬಾಡಿಗೆ ಚಕ್ಕಡಿಯಲ್ಲಿ ಹುಲ್ಲು ಹಾಸಿ ಮೇಲೆ ಕೌದಿ ಹಾಕಿದ್ದೆವು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದವು.

ಶೇಖರನಿಗೆ ಇನ್ನೂ ಕತ್ತು ನಿಂತಿರಲಿಲ್ಲ. ಎತ್ತಿಕೊಂಡರೆ ಮೈ ಕಟ್ಟಿಗೆಯಂತೆ ಸೆಟೆಯುತ್ತಿತ್ತು, ಮುಷ್ಟಿ ಬಿಚ್ಚುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಯಾರೂ ಕರೆಯದಿದ್ದಾಗ ಒಮ್ಮೊಮ್ಮೆ ನಗುತ್ತಿದ್ದ. ಇದಕ್ಕೆಲ್ಲ ನನ್ನ ಅವ್ವ ಒಂದೇ ಕಾರಣ ಹೇಳುತ್ತಿದ್ದಳು. ಸೊಸೆ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ತಾನೇ ಮರೆತು ಅವಳನ್ನು ನೀರಿಗೆ ಕಳಿಸಿದ್ದೆ, ತಪ್ಪು ತನ್ನದು ಎಂದು. ಶಾಂತವ್ವ ಅದನ್ನು ನಂಬಿದ್ದಳು. ಒಂದು ವರ್ಷದಿಂದ ಅತ್ತೆಯೊಡನೆ ಬೇಕಾದಷ್ಟಕ್ಕಿಂತ ಒಂದು ಮಾತು ಹೆಚ್ಚು ಆಡಿರಲಿಲ್ಲ. ನಾನು ನಂಬಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಹೆರಿಗೆಯ ದಿನ ನಾನು ಅಂಗಳದಲ್ಲಿದ್ದೆ. ಒಳಗೆ ಏನಾಯಿತೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯಲಬುರ್ಗಾ ಇಪ್ಪತ್ತು ಮೈಲಿಯ ಮೇಲೆ. ಕರಿ ಮಣ್ಣಿನ ದಾರಿ, ಎರಡೂ ಕಡೆ ಕೊಯ್ಲಾದ ಜೋಳದ ಹೊಲ, ನೆರಳೆಂಬುದಿಲ್ಲ. ಹೊತ್ತು ಮುಳುಗುವಾಗ ಮುಟ್ಟಿ ಪರಿಚಯದವರ ಮನೆಯಲ್ಲಿ ಇಳಿದೆವು. ಮರುದಿನ ಬೆಳಿಗ್ಗೆ ಅಲ್ಲಿನ ಹಕೀಮರು ಕೂಸಿನ ನಾಡಿ ಹಿಡಿದು, ನರಕ್ಕೆ ಶೀತ ಇಳಿದಿದೆ ಎಂದು ಒಂದು ಸೀಸೆ ಎಣ್ಣೆ ಕೊಟ್ಟರು. ಮನೆಗೆ ಬಂದರೆ ಇಳಿದ ಮನೆಯ ಮುದುಕಿ, ಇದು ಶೀತವಲ್ಲ, ಬಾಲಗ್ರಹ ಎಂದು ಕರಿ ದಾರ ಕಟ್ಟಿದಳು. ಶಾಂತವ್ವ ಎರಡಕ್ಕೂ ತಲೆದೂಗಿದಳು. ನಾನೂ ತಲೆದೂಗಿದೆ.

ಅಲ್ಲಿಂದ ಕೊಪ್ಪಳಕ್ಕೆ ಮೋಟಾರಿತ್ತು. ಪೆಟ್ರೋಲು ಸಿಗದ ಕಾರಣ ಹಿಂದೆ ದೊಡ್ಡ ಪೀಪಾಯಿ ಕೂರಿಸಿ ಇದ್ದಿಲ ಹೊಗೆಯಲ್ಲಿ ಓಡಿಸುತ್ತಿದ್ದರು. ಏರು ಬಂದಲ್ಲೆಲ್ಲ ನಾವು ಗಂಡಸರು ಇಳಿದು ನಡೆಯಬೇಕು. ಹೊಗೆಗೆ ಕೂಸು ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿತು.

ಕೊಪ್ಪಳದ ದವಾಖಾನೆಯ ಡಾಕ್ಟರು ಹೈದರಾಬಾದ್ ಕಡೆಯವರು, ಉರ್ದು ಬೆರೆಸಿ ಕನ್ನಡ ಆಡುತ್ತಿದ್ದರು. ಬುಧವಾರ ಬೆಳಿಗ್ಗೆ ಶೇಖರನ ಮೊಣಕಾಲು ಮಡಿಸಿ, ಮುಷ್ಟಿ ಬಿಡಿಸಿ, ಕಣ್ಣೆದುರು ದೀಪ ಆಡಿಸಿ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

“ಹುಟ್ಟಿದ ಕೂಡ್ಲೆ ಅತ್ತಿತ್ತೇನ್ರಿ ಕೂಸು?”

ನಾನು ಅಂಗಳದಲ್ಲಿದ್ದೆ ಎಂದೆ. ಶಾಂತವ್ವನಿಗೆ ಆಗ ಎಚ್ಚರವೇ ಇರಲಿಲ್ಲವಂತೆ. ಡಾಕ್ಟರು ಸಾವಕಾಶವಾಗಿ ಬಿಡಿಸಿ ಹೇಳಿದರು: ಹುಟ್ಟುವಾಗ ಉಸಿರು ಸಿಗದಿದ್ದರೆ ಮಿದುಳಿಗೆ ಪೆಟ್ಟಾಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ, ಔಷಧ ತಮ್ಮ ಹತ್ತಿರವೂ ಇಲ್ಲ, ಬೇರೆಲ್ಲಿಯೂ ಇಲ್ಲ. ತಲೆ ಎತ್ತಿ ಹಿಡಿದು ಗಂಜಿ ಕುಡಿಸುವುದು, ಕೈಕಾಲು ದಿನವೂ ಮಡಿಸಿ ಚಾಚುವುದು, ಇಷ್ಟೇ. ಗ್ರಹಣದ ಮಾತೆತ್ತಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಹಾಗಾದರೆ ಆಗಿದ್ದೇನು ಎಂದೆ. ಅದು ಸೂಲಗಿತ್ತಿಗೇ ಗೊತ್ತು ಎಂದರು.

ಸೂಲಗಿತ್ತಿ ಫಕೀರವ್ವ ಕುಷ್ಟಗಿ ಬಿಟ್ಟು ಗಂಗಾವತಿಯ ಮಗಳ ಮನೆ ಸೇರಿದ್ದಳು. ನಾನು ಊರಿಗೆ ತಿರುಗುವವನಿದ್ದೆ. ಶಾಂತವ್ವ ಒಪ್ಪಲಿಲ್ಲ. ಗುರುವಾರ ಮತ್ತೊಂದು ಹೊಗೆಯ ಮೋಟಾರು ಹತ್ತಿದೆವು. ಬಂಡೆಗುಡ್ಡಗಳು ಶುರುವಾದವು, ಅವುಗಳ ಬುಡದಲ್ಲಿ ಕಾಲುವೆ, ಹಸಿರು ಭತ್ತ. ನಮ್ಮ ಕಡೆ ನೋಡಲು ಸಿಗದ ಹಸಿರು. ಖಾನಾವಳಿಯಲ್ಲಿ ಅನ್ನ ಸಾರು ಉಂಡು, ಕೇಳುತ್ತಾ ಕೇಳುತ್ತಾ ಫಕೀರವ್ವನ ಮನೆ ಹುಡುಕಿದೆವು.

ಕಟ್ಟೆಯ ಮೇಲೆ ಕೂತಿದ್ದ ಫಕೀರವ್ವ ಕೂಸನ್ನು ಕಂಡದ್ದೇ ಎದ್ದಳು. ನಾವು ಯಾಕೆ ಬಂದೆವೆಂದು ಹೇಳಬೇಕಾಗಲಿಲ್ಲ. ಶೇಖರನನ್ನು ತೊಡೆಯ ಮೇಲೆ ಹಾಕಿಕೊಂಡು, ನನ್ನತ್ತ ನೋಡದೆ, ಶಾಂತವ್ವನಿಗೇ ಹೇಳಿದಳು.

“ಹೊಕ್ಕಳಬಳ್ಳಿ ಕೊರಳಿಗೆ ಎರಡು ಸುತ್ತು ಸುತ್ತಿತ್ತವ್ವಾ. ಮೈ ನೀಲಿ. ಅಳಲಿಲ್ಲ, ಉಸುರಿಲ್ಲ. ಇತ್ತ ನಿನಗ ರಕ್ತ ನಿಲ್ಲವಲ್ದು. ನಾ ಒಬ್ಬಾಕಿ, ಎರಡು ಕೈ. ಯಾರನ್ನ ನೋಡಲಿ ಅಂತ ನಿಮ್ಮತ್ತಿನ್ನ ಕೇಳಿದೆ. ಸೊಸಿನ್ನ ನೋಡು ಅಂದ್ಲು.”

ಕೂಸನ್ನು ಮೊರದಲ್ಲಿ ಮಲಗಿಸಿ ಅವಳು ಶಾಂತವ್ವನ ಹೊಟ್ಟೆ ಒತ್ತುತ್ತಾ ಕೂತಳಂತೆ. ರಕ್ತ ಹಿಡಿತಕ್ಕೆ ಬಂದ ಮೇಲೆ ಮೊರದ ಕಡೆಯಿಂದ ಬಿಕ್ಕಿದ ಹಾಗೆ ಸದ್ದಾಯಿತು. ಓಡಿಹೋಗಿ ಬಾಯಿಗೆ ಬಾಯಿಟ್ಟು ಊದಿದಳು. ಎಷ್ಟು ಹೊತ್ತಾಗಿತ್ತು ಎಂದು ಕೇಳಿದೆ. ತಿಳಿಯದು ಎಂದಳು. ಈ ಮಾತು ಯಾರಿಗೂ ಹೇಳಕೂಡದೆಂದು ಅವ್ವ ಆಣೆ ಹಾಕಿಸಿದ್ದಳು. ಗ್ರಹಣದ ಕಥೆ ಆಮೇಲೆ ಕಟ್ಟಿದ್ದು. ಕೂಸನ್ನು ಬಿಟ್ಟು ತನ್ನನ್ನು ಉಳಿಸಿದರೆಂದು ಬಾಣಂತಿಗೆ ಗೊತ್ತಾಗುವುದು ಬೇಡ, ಬೈದರೆ ಅತ್ತೆಯನ್ನೇ ಬೈಯಲಿ ಎಂದು ಅವ್ವ ಅಂದಿದ್ದಳಂತೆ.

“ನಾ ಮಾಡಿದ್ದು ಬರೋಬರಿ ಐತೋ ಇಲ್ಲೋ, ನನಗ ಇವತ್ತಿಗೂ ತಿಳದಿಲ್ಲ,” ಎಂದು ಫಕೀರವ್ವ ಕೂಸಿನ ಮುಷ್ಟಿ ಸವರಿದಳು. ಶಾಂತವ್ವ ಅಳಲಿಲ್ಲ. ಫಕೀರವ್ವನ ಕಾಲು ಮುಟ್ಟಿ ಕೂಸನ್ನು ಎತ್ತಿಕೊಂಡಳು.

ಮರುದಿನ ತಿರುಗಿ ಹೊರಟೆವು. ಮೋಟಾರಿನಲ್ಲಿ ಶಾಂತವ್ವ ಒಮ್ಮೆಲೆ ಕೇಳಿದಳು.

“ನೀವು ಒಳಗಿದ್ರ ಯಾರನ್ನ ನೋಡು ಅಂತಿದ್ರಿ?”

“ನಿನ್ನನ್ನ,” ಎಂದೆ.

ಅವಳು ಸೆರಗಿನಿಂದ ಶೇಖರನ ಕಿವಿ ಮುಚ್ಚಿದಳು. “ಮೆಲ್ಲಕ ಮಾತಾಡ್ರಿ. ಆಂವ ಕೇಳತಾನ.”

ಕೇಳುತ್ತಿದ್ದನೋ ಇಲ್ಲವೋ. ಡಾಕ್ಟರು ಅದನ್ನು ಹೇಳಿರಲಿಲ್ಲ, ಕೇಳಲು ನನಗೂ ನೆನಪಾಗಿರಲಿಲ್ಲ.

ಕೊಪ್ಪಳದಿಂದ ನೆಟ್ಟಗಿನ ದಾರಿ ಹಿಡಿದು ಶನಿವಾರ ಇಳಿಹೊತ್ತಿಗೆ ಕುಷ್ಟಗಿ ಮುಟ್ಟಿದೆವು. ರಜೆಗಿಂತ ಒಂದು ದಿನ ಹೆಚ್ಚಾಗಿತ್ತು. ಅವ್ವ ಹೊಸ್ತಿಲಲ್ಲಿ ಕೂತಿದ್ದಳು. ಶಾಂತವ್ವ ಹೋಗಿ ಕೂಸನ್ನು ಅವಳ ಮಡಿಲಿಗಿಟ್ಟು ಪಕ್ಕದಲ್ಲೇ ಕೂತಳು.

“ಫಕೀರವ್ವ ಎಲ್ಲಾ ಹೇಳಿದ್ಲರಿ, ಅತ್ತಿ.”

ಅವ್ವ ಕೂಸಿನ ತಲೆಯನ್ನು ತೋಳಿಗೆ ಆನಿಸಿಕೊಂಡಳು. “ಊಟ ಆಗೇತೇನು?” ಎಂದಳು. ಇಲ್ಲವೆಂದಳು ಶಾಂತವ್ವ. ಕೂಸನ್ನು ಎತ್ತಿಕೊಂಡೇ ಇಬ್ಬರೂ ಅಡುಗೆಮನೆಗೆ ಹೋದರು. ಒಳಗೆ ರೊಟ್ಟಿ ಬಡಿಯುವ ಸದ್ದು, ನಡುನಡುವೆ ಇಬ್ಬರ ಸಣ್ಣ ದನಿ. ಯಾರ ಮೇಲೆ ಸಿಟ್ಟಾಗಬೇಕು, ಯಾರಿಗೆ ಕೈಮುಗಿಯಬೇಕು ಒಂದೂ ತಿಳಿಯದೆ ನಾನು ಅಂಗಳದಲ್ಲೇ ನಿಂತಿದ್ದೆ.