ಗೋಡೆಯಾಚೆಯ ಸೀಟು

ತುಮಿನಿಗೆ ಹೊಟ್ಟೆಕಿಚ್ಚು. ಇದನ್ನು ಮುಚ್ಚುಮರೆ ಮಾಡಿ ಪ್ರಯೋಜನವಿಲ್ಲ. ಮಲಾಂಗ್ ಊರಿನ ಆ ಗಲ್ಲಿಯಲ್ಲಿ ಅವಳ ಕೈಯ ಪೆಚೆಲ್ ತಿಂದವರಿಗೆಲ್ಲ ಗೊತ್ತಿರುವ ಸಂಗತಿ. ಬೇಯಿಸಿದ ಸೊಪ್ಪಿನ ಮೇಲೆ ಕಡಲೆಕಾಯಿ ಚಟ್ನಿ ಸುರಿಯುತ್ತ ಅಕ್ಕ ಪುರ್ವಾಂತಿಯ ಸುದ್ದಿ ಎತ್ತಿದಳೆಂದರೆ, ಆ ದಿನದ ಚಟ್ನಿಗೆ ಖಾರ ಒಂದು ಕೈ ಜಾಸ್ತಿಯೇ ಬೀಳುತ್ತಿತ್ತು.

"ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು. ಅವಳು ಟೈಲ್ಸ್ ಅಂಗಡಿಯವನನ್ನ ಕಟ್ಕೊಂಡ್ಳು, ನಾನು ಪಂಕ್ಚರ್ ಹಾಕೋನನ್ನ ಕಟ್ಕೊಂಡೆ. ಅಷ್ಟೇ ನೋಡಿ."

"ಪಂಕ್ಚರ್ ಹಾಕೋನು ಇಲ್ಲೇ ಕೂತಿದ್ದಾನೆ ಕಣೇ, ಸ್ವಲ್ಪ ಮೆಲ್ಲಗೆ" ಎಂದು ಗಂಡ ಪೊನಿಮಾನ್ ಟ್ಯೂಬಿಗೆ ಅಂಟು ಹಚ್ಚುತ್ತಲೇ ನಗುತ್ತಿದ್ದ.

ಅಕ್ಕನ ಬಳಿ ಇಲ್ಲದ್ದು, ತುಮಿನಿಯ ಬಳಿ ಇದ್ದದ್ದು ಒಂದೇ: ಮನೆ ಇದ್ದ ಜಾಗ. ಗಲ್ಲಿಯ ಆ ಬದಿಗೆ ಸರ್ಕಾರಿ ಹೈಸ್ಕೂಲಿನ ಗೋಡೆ. ಅಲ್ಲಿ ಓದಿದವರಿಗೆ ಯೂನಿವರ್ಸಿಟಿಯ ಬಾಗಿಲು ತಾನಾಗಿ ತೆರೆಯುತ್ತದೆ ಎಂದು ಊರೆಲ್ಲ ನಂಬಿತ್ತು. ಸೀಟು ಕೊಡುವುದೋ, ಮನೆ ಎಷ್ಟು ಹತ್ತಿರ ಎಂದು ನೋಡಿ. ಗಲ್ಲಿಯ ಮಕ್ಕಳಿಗೆ ಅದು ಹುಟ್ಟಿದಾಗಲೇ ಸಿಕ್ಕಂತೆ. ತುಮಿನಿಯ ಮಗಳು ನಿಂಗ್ರುಮ್ ಚಿಕ್ಕವಳಿದ್ದಾಗಿನಿಂದಲೂ ಆ ಗೋಡೆಗೆ ಚೆಂಡು ಎಸೆದೇ ಬೆಳೆದವಳು. ಮುಂದೊಂದು ದಿನ ಆ ಶಾಲೆಯ ಸಭೆಗೆ ತಾಯಿಯಾಗಿ ಹೋಗಬೇಕೆಂದು ತುಮಿನಿ ಒಂದು ಬಾತಿಕ್ ಉಡುಪನ್ನು ಮಡಿಸಿ ಎತ್ತಿಟ್ಟಿದ್ದಳು.

ಒಂದು ದಿನ ಪುರ್ವಾಂತಿ ಕಾರನ್ನು ಗಲ್ಲಿಯ ಬಾಯಲ್ಲೇ ನಿಲ್ಲಿಸಿ, ಚರಂಡಿ ದಾಟಿ ಬಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು.

"ತುಮಿ, ನನ್ನ ಮಗಳು ಕಿರಾನಾ ಹೆಸರನ್ನ ನಿಮ್ಮ ಮನೆ ಕಾರ್ಡಿಗೆ ಸೇರಿಸ್ಕೋತೀಯಾ? ಒಂದು ವರ್ಷ ಮುಂಚೆ ಸೇರಿಸಿದ್ರೆ ನಿಮ್ಮ ವಿಳಾಸದ ಮೇಲೆ ಸೀಟು ಕೊಡ್ತಾರಂತೆ."

"ಯಾಕಕ್ಕಾ, ಅವಳ ಪ್ರೈವೇಟ್ ಸ್ಕೂಲಿನ ಈಜುಕೊಳ ಬತ್ತಿಹೋಯ್ತಾ?"

"ಆಡ್ಕೋ, ಆಡ್ಕೋ. ಇದು ಮಾತ್ರ ದುಡ್ಡು ಕೊಟ್ರೂ ಸಿಗಲ್ಲ ಕಣೇ."

ದುಡ್ಡು ಕೊಟ್ರೂ ಸಿಗಲ್ಲ! ಇಂಥ ಮಾತು ಅಕ್ಕನ ಬಾಯಲ್ಲಿ ಬರಬೇಕಾದರೆ ತುಮಿನಿ ಹುಟ್ಟಿ ಇಷ್ಟು ವರ್ಷ ಕಾಯಬೇಕಾಯಿತು. ಇನ್ನೊಂದು ಸಲ ಹೇಳಿಸಬೇಕೆಂಬ ಆಸೆಗೆ "ಏನಂದೆ?" ಎಂದು ಕೇಳಿದಳು ಕೂಡ. ಪುರ್ವಾಂತಿ ಮತ್ತೆ ಹೇಳಿದಳು.

ಅಕ್ಕ ಹೋದ ಮೇಲೆ ಪೊನಿಮಾನ್ ತಲೆ ಕೆರೆದುಕೊಂಡ. "ಅದೇ ವರ್ಷ ನಮ್ಮ ನಿಂಗ್ರುಮ್ಮೂ ಸೇರ್ಬೇಕಲ್ವೇನೇ?"

"ಈ ಗಲ್ಲಿ ಮಕ್ಕಳಿಗೆ ಯಾವತ್ತಾದ್ರೂ ಸೀಟು ತಪ್ಪಿದ್ಯಾ? ಅವಳು ನನ್ನ ಬಾಗಿಲಿಗೆ ಬಂದಿದ್ದಾಳೆ ರೀ. ಬೇಡೋಕೆ ಬಂದಿದ್ದಾಳೆ!"

ಕಿರಾನಾ ಹೆಸರು ಕಾರ್ಡಿಗೆ ಸೇರಿತು. ಆ ವರ್ಷ ತುಮಿನಿ ಮೆರೆದದ್ದೇ ಮೆರೆದದ್ದು. ಅಕ್ಕನ ಫೋನನ್ನು ಬೇಕೆಂದೇ ಸತಾಯಿಸಿ ಎತ್ತುವಳು. ಉಪವಾಸದ ತಿಂಗಳು ಮುಗಿದು ಬರುವ ಲೆಬಾರನ್ ಹಬ್ಬಕ್ಕೆ ಚಿಕ್ಕವರು ದೊಡ್ಡವರ ಮನೆಗೆ ಹೋಗಿ ತಪ್ಪು ಮನ್ನಿಸಿ ಎನ್ನಬೇಕು. ಈ ಸಲ ದೊಡ್ಡವಳೇ ಬಿಸ್ಕತ್ತಿನ ಡಬ್ಬಿ ಹೊತ್ತು ಮೊದಲು ಬಂದಳು. ಗಲ್ಲಿಯವರೆಲ್ಲ ನೋಡಲೆಂದು ತುಮಿನಿ ಬಾಗಿಲು ಮುಚ್ಚಲೇ ಇಲ್ಲ.

ಆದರೆ ಗಲ್ಲಿಯ ಬೇರೆ ಮನೆಗಳಿಗೂ ಇಂಥ ಅಕ್ಕಂದಿರು, ಭಾವಂದಿರು ಬಂದಿದ್ದರು. ಯಾರೂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ, ಅಷ್ಟೆ. ಸೀಟು ಹಂಚುವ ಹೊತ್ತಿಗೆ ಕಾರ್ಡುಗಳಲ್ಲಿ ಗಲ್ಲಿಯ ತುಂಬ ಮಕ್ಕಳೋ ಮಕ್ಕಳು. ಶಾಲೆಯ ಗೇಟಿನಿಂದ ಮನೆ ಮನೆ ದಾಟಿ ಬಂದ ಸೀಟುಗಳು ತುಮಿನಿಯ ಮನೆ ಮುಟ್ಟುವಾಗ ಉಳಿದದ್ದು ಒಂದೇ ಒಂದು. ಒಂದೇ ಮನೆ, ಒಂದೇ ದೂರ. ಹಾಗಾದಾಗ ವಯಸ್ಸಿನಲ್ಲಿ ದೊಡ್ಡವರಿಗೆ ಸೀಟು. ಕಿರಾನಾ ಉಪವಾಸದ ತಿಂಗಳಿಗೆ ಮೊದಲು ಹುಟ್ಟಿದವಳು. ನಿಂಗ್ರುಮ್ ಅದೇ ವರ್ಷ, ಹಬ್ಬ ಕಳೆದ ಮೇಲೆ.

"ದೇವರಾಣೆ ನಂಗೆ ಗೊತ್ತಿರ್ಲಿಲ್ಲ ತುಮಿ. ನಿಂಗ್ರುಮ್ಮನ್ನ ಯಾವ್ದಾದ್ರೂ ಪ್ರೈವೇಟ್ ಸ್ಕೂಲಿಗೆ ಸೇರ್ಸು, ಫೀಸು ನಾನು ಕೊಡ್ತೀನಿ" ಎಂದಳು ಪುರ್ವಾಂತಿ.

"ನಿನ್ನ ದುಡ್ಡು ನೀನೇ ಇಟ್ಕೋ!" ಎಂದು ತುಮಿನಿ ಸಿಡಿದಳು. ಆಮೇಲೆ ತೆಗೆದುಕೊಂಡಳು. ತೆಗೆದುಕೊಳ್ಳದೆ ಏನು ಮಾಡುತ್ತಾಳೆ, ಹೇಳಿ. ಅಷ್ಟು ಹೊತ್ತಿಗೆ ಸೀಟು ಉಳಿದಿದ್ದ, ಸಂತೆಕಟ್ಟೆಯ ಹಿಂದಿನ ಒಂದು ಬಡ ಖಾಸಗಿ ಶಾಲೆಗೆ ನಿಂಗ್ರುಮ್ ಸೇರಿದಳು. ದಿನಾ ಬೆಳಿಗ್ಗೆ ಅವಳು ಬಸ್ಸಿಗೆ ಓಡುವಾಗ ಕಿರಾನಾ ಕಾರಿನಿಂದ ಇಳಿದು, "ಚಿಕ್ಕಮ್ಮಾ, ಖಾರ ಕಮ್ಮಿ" ಎಂದು ಪೆಚೆಲ್ ಕೇಳುತ್ತಿದ್ದಳು. ಅದನ್ನು ಕಂಡಾಗಲೆಲ್ಲ ತುಮಿನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಅಷ್ಟರಲ್ಲಿ ಹೈಸ್ಕೂಲಿನ ಸಭೆ ಬಂತು. ಕಾರ್ಡಿನ ಪ್ರಕಾರ ಕಿರಾನಾಳ ಮನೆಯವರು ತುಮಿನಿ ಮತ್ತು ಪೊನಿಮಾನ್, ಅವರೇ ಹೋಗಬೇಕು. ಅದೇ ಶನಿವಾರ, ಅದೇ ಹೊತ್ತಿಗೆ ನಿಂಗ್ರುಮ್ ಶಾಲೆಯಲ್ಲೂ ಸಭೆ.

"ಹೋಗ್ತೀನಿ. ಎಲ್ಲರ ಮುಂದೆ ಎದ್ದು ನಿಂತು, ಈ ಹುಡುಗಿ ನಮ್ಮನೇಲಿ ಒಂದು ರಾತ್ರೀನೂ ಮಲಗಿಲ್ಲ ಅಂತ ಹೇಳ್ಬಿಡ್ತೀನಿ" ಎಂದಳು ತುಮಿನಿ.

"ಹೇಳಿದ್ರೆ ಅವಳ ಸೀಟು ಹೋಗತ್ತೆ, ನಂಗೇನೂ ಬರಲ್ಲ. ನಮ್ಮ ಸ್ಕೂಲಿಗೆ ಅಪ್ಪ ಬರ್ಲಿ ಬಿಡು" ಎಂದು ನಿಂಗ್ರುಮ್ ಬೂಟಿನ ದಾರ ಕಟ್ಟಿಕೊಂಡಳು.

ತುಮಿನಿ ಎತ್ತಿಟ್ಟ ಬಾತಿಕ್ ತೊಟ್ಟು ಹೋದಳು. ಸಭೆಯ ಹಾಲ್‌ನಲ್ಲಿ ಎಸಿ, ಕೂತಲ್ಲೇ ಬೆರಳು ಸೆಟೆದುಕೊಂಡವು. ಮೇಡಂ ವೇದಿಕೆಯಿಂದ, "ಕಿರಾನಾ ಮನೆಯವರು ಯಾರು?" ಎಂದು ಕೇಳಿದಾಗ ಎದ್ದು ನಿಂತಳು. ಮಾತು ನಾಲಿಗೆ ತುದಿಗೆ ಬಂದಿತ್ತು.

"ಪೆಚೆಲ್ ಮಾರೋ ಮನೆಯಿಂದ ಬಂದು ತರಗತಿಗೇ ಮೊದಲು! ನಿಮ್ಮಂಥವರಿಂದ್ಲೇ ಈ ಶಾಲೆಗೆ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿ" ಎಂದರು ಮೇಡಂ.

ತಟ್ಟಿದರು. ಕಾರಿನಲ್ಲಿ ಬಂದವರೆಲ್ಲ ತಿರುಗಿ ತಿರುಗಿ ಅವಳನ್ನು ನೋಡಿದರು. ಹಾಳಾದ್ದು, ತುಮಿನಿಗೆ ಅದು ಇಷ್ಟವಾಯಿತು. ಬಾಯಿಗೆ ಬಂದ ಮಾತು ನುಂಗಿ, ಕೈ ಮುಗಿದು, ನಕ್ಕು ಕೂತಳು. ಕೂತ ಮೇಲೆ ಅಳು ಬಂತು. ಪಕ್ಕದವಳು ಅದನ್ನು ಆನಂದಬಾಷ್ಪ ಎಂದುಕೊಂಡು ಕರವಸ್ತ್ರ ಕೊಟ್ಟಳು.

ಗಲ್ಲಿಗೆ ತಿರುಗಿದರೆ ಮನೆ. ಆಗಲೇ ಬಂದಿದ್ದ ನಿಂಗ್ರುಮ್ ಹೊಸ್ತಿಲಲ್ಲಿ ಕಾದಿದ್ದಳು.

"ಏನಾದ್ರೂ ಹೇಳಿದ್ಯಾ?"

"ಇಲ್ಲ."

"ಹೋಗ್ಲಿ. ಒಳಗಡೆ ಹೇಗಿದೆಯಮ್ಮಾ, ಆ ಸಭೆ ಹಾಲ್?"

"ಏನಿಲ್ಲ ಕಣೇ. ಬರೀ ಸೆಕೆ. ನಿಮ್ಮ ಸ್ಕೂಲೇ ವಾಸಿ" ಎಂದು ತುಮಿನಿ ಮಗಳ ಕೆನ್ನೆ ಸವರಿದಳು.

ನಿಂಗ್ರುಮ್ ಆ ಕೈಯನ್ನು ಹಿಡಿದುಕೊಂಡು ನೋಡಿದಳು.

"ಮತ್ತೆ ಕೈ ಇಷ್ಟು ತಣ್ಣಗಿದೆಯಲ್ಲಮ್ಮಾ?"